ಬಾವಿ ಲೆಕ್ಕ

ಹೋದ ವರ್ಷ ನರಸಾಪುರದ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ತೋಟದ ಕಡೆ ತಿರುಗಿದವನು ಹಳೆಯ ಕಲ್ಲುಕಟ್ಟಡದ ಬಾವಿಯೊಂದರ ಅಂಚಿನಲ್ಲಿ ನಿಂತುಬಿಟ್ಟೆ. ಬಾವಿಯಲ್ಲಿ ನೀರಿತ್ತು. ಕೋಲಾರ ಜಿಲ್ಲೆಯವರಿಗೆ ಇದೆಷ್ಟು ದೊಡ್ಡ ಸುದ್ದಿ ಎಂದು ಹೊರಗಿನವರಿಗೆ ಹೇಳಿ ಮುಗಿಯುವುದಿಲ್ಲ. ಮುಳ್ಳುಕಂಟಿ, ಹರಿದ ಚಪ್ಪಲಿ, ಮುರಿದ ಪ್ಲಾಸ್ಟಿಕ್ ಕುರ್ಚಿ ತುಂಬಿಕೊಂಡು ಎಷ್ಟೋ ವರ್ಷ ಬಾಯಿ ಬಿಟ್ಟುಕೊಂಡಿದ್ದ ಬಾವಿಗಳು ಇವು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿಯಿಂದ ಪೈಪಿನಲ್ಲಿ ತಂದು ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗೆ ಎನ್ನುವುದು ಯೋಜನೆಯ ಲೆಕ್ಕ. ನೊರೆ ಬಂತು, ಕೋರ್ಟಿಗೆ ಹೋಯಿತು, ಬೈದಾಟ ಇನ್ನೂ ನಿಂತಿಲ್ಲ. ನಡುವೆ ಒಂದೆರಡು ವರ್ಷ ಮಳೆಯೂ ಕೈ ಹಿಡಿಯಿತು. ಅಂತೂ ಬಾವಿಯಲ್ಲಿ ನೀರು.

ಮನೆ ಯಜಮಾನರು ಹಿಂದೆಯೇ ಬಂದು, "ಹತ್ತಡಿಗೇ ಸಿಗ್ತದೆ ನೋಡಿ ಸಾರ್" ಎಂದು ಬೀಗಿದರು. ಮೊಣಕಾಲು ಬೇಡವೆಂದರೂ ನಾನು ಮೆಟ್ಟಿಲು ಇಳಿದೆ. ನೆರಳು ಬಿದ್ದ ಮೂಲೆಯಲ್ಲಿ, ಕಲ್ಲುಸಂದಿಯ ಪಾಚಿಯ ಪಕ್ಕ, ಸೊಳ್ಳೆಮರಿಗಳು. ಬೇರೆ ಸೊಳ್ಳೆಗಳ ಮರಿ ನೀರಿನಲ್ಲಿ ತಲೆ ಕೆಳಗಾಗಿ ನೇತಾಡುತ್ತದೆ. ಅನಾಫಿಲಿಸ್‌ನದು ಮೇಲ್ಮೈಗೆ ಸಮನಾಗಿ ಮಲಗುತ್ತದೆ. ಇವು ಮಲಗಿದ್ದವು. ಅನಾಫಿಲಿಸ್‌ನಲ್ಲೂ ನಿರುಪದ್ರವಿಗಳೇ ಹೆಚ್ಚು, ಬರಿಗಣ್ಣಿನಲ್ಲಿ ಜಾತಿ ಹೇಳುವಷ್ಟು ಬಲ್ಲವನು ನಾನಲ್ಲ. ಆದರೂ ಅಲ್ಲಿಂದ ಮೇಲೆ ಹತ್ತಿದವನು ಗೃಹಪ್ರವೇಶದ ಮನೆಯಲ್ಲಿರಲಿಲ್ಲ. ಇನ್ನೂ ಪೂರ್ವಕ್ಕೆ, ಮೂವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದೆ.

ಭೂಗೋಳದಲ್ಲಿ ಬಿ.ಎ. ಮಾಡಿ ಕೆಲಸವಿಲ್ಲದೆ ಕುಳಿತಿದ್ದಾಗ, ಬಂಗಾರಪೇಟೆಯಿಂದಾಚೆ ಗಡಿಸೀಮೆಯಲ್ಲಿ ಮಲೇರಿಯಾ ಕೆಲಸ ಮಾಡುತ್ತಿದ್ದ ತಂಡವೊಂದಕ್ಕೆ ನಕ್ಷೆ ಬರೆಯುವವನು ಬೇಕೆಂದು ಯಾರೋ ಹೇಳಿದರು. ದಿನಗೂಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಒಂದು ಕಡೆ ಕುಪ್ಪಂ, ಒಂದು ಕಡೆ ಕೃಷ್ಣಗಿರಿ, ಹಿಂದುಗಡೆ ಚಿನ್ನದ ಗಣಿ. ಜನ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವ ಸೀಮೆ. ಕಂಪ್ಯೂಟರ್ ಎನ್ನುವುದು ಬೆಂಗಳೂರಿನ ಕಚೇರಿಯಲ್ಲಿ ಬಟ್ಟೆ ಹೊದ್ದು ಕುಳಿತಿರುತ್ತದೆ ಎಂದು ಕೇಳಿದ್ದೆವು ಅಷ್ಟೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟು, ತಾಲ್ಲೂಕು ಕಚೇರಿಯಿಂದ ಬೇಡಿ ತಂದ ಗ್ರಾಮನಕ್ಷೆ, ಟ್ರೇಸಿಂಗ್ ಪೇಪರ್, ಕೆಂಪು ಹಳದಿ ಹಸಿರು ಪೆನ್ಸಿಲ್. ಊರುಗಳ ಗಡಿ ಎಳೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರು ನೋಡಿ ಬಣ್ಣ ತುಂಬಬೇಕು. ಆ ಬಣ್ಣದ ಮೇಲೆ ಎಲ್ಲಿಗೆ ಏನು ಕಳಿಸಬೇಕೆಂದು ಮೇಲಿನವರು ತೀರ್ಮಾನಿಸುತ್ತಾರೆ.

ಬಣ್ಣಕ್ಕೊಂದು ಸೂತ್ರವಿತ್ತು. ವರ್ಷದಲ್ಲಿ ರಕ್ತಪರೀಕ್ಷೆಯಲ್ಲಿ ಮಲೇರಿಯಾ ಸಿಕ್ಕವರ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಬರುವುದು ಎಪಿಐ. 1977ರಲ್ಲಿ ದೇಶದ ಮಲೇರಿಯಾ ಕಾರ್ಯಕ್ರಮವನ್ನು ತಿದ್ದಿ ಬರೆದಾಗ, ಈ ಅಂಕಿ ಎರಡು ಮುಟ್ಟಿದ ಕಡೆ ಗೋಡೆಗೆ ಔಷಧಿ ಹೊಡೆಯಬೇಕು, ಅದಕ್ಕಿಂತ ಕಡಿಮೆ ಇದ್ದರೆ ಬೇಡ ಎಂದು ಗೆರೆ ಎಳೆದರು. ತಿದ್ದಿ ಬರೆಯಲು ಕಾರಣವಿತ್ತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಡಿಡಿಟಿಯ ಬಲದಿಂದ ಅರವತ್ತರ ದಶಕದ ನಡುವಿಗೆ ಅದು ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಕೈ ಸಡಿಲಿಸಿದರು; 1976ರಲ್ಲಿ ಅರವತ್ತನಾಲ್ಕು ಲಕ್ಷ ದಾಟಿತ್ತು.

ನಾನೂರು ಜನರ ಹಳ್ಳಿಯಲ್ಲಿ ಒಬ್ಬನಿಗೆ ಜ್ವರ ಬಂದರೆ ಎಪಿಐ ಎರಡೂವರೆ. ಕೆಂಪು. ಇಪ್ಪತ್ತು ಸಾವಿರ ಜನರ ಪಟ್ಟಣದಲ್ಲಿ ಮೂವತ್ತು ಮಂದಿಗೆ ಬಂದರೂ ಒಂದೂವರೆ; ಹಸಿರೂ ಅಲ್ಲ, ಕೆಂಪೂ ಅಲ್ಲ. ಎಲ್ಲೋ ಗಾರೆ ಕೆಲಸಕ್ಕೆ ಹೋಗಿ ಅಲ್ಲೇ ಜ್ವರ ಅಂಟಿಸಿಕೊಂಡು ಬಂದ ಒಬ್ಬ ಹುಡುಗ ಇಡೀ ಊರನ್ನು ಕೆಂಪು ಮಾಡಿಬಿಡುತ್ತಿದ್ದ. ಇದನ್ನು ಪೆನ್ಸಿಲ್ ಹಿಡಿದ ಮೊದಲ ತಿಂಗಳಲ್ಲೇ ಕಂಡು, ಮಹಾ ಸಂಶೋಧನೆ ಮಾಡಿದವನ ಹಾಗೆ ನಮ್ಮ ಹಿರಿಯ ಆರೋಗ್ಯ ಸಹಾಯಕರಿಗೆ ಹೇಳಿದೆ. ಅವರು ಬೀಡಿ ಆರಿಸಿ, "ಅದು ನಮಗೂ ಗೊತ್ತು ಕಣಪ್ಪ. ನೀನು ಬಿಳೀದು ನೋಡು, ಕೆಂಪು ಬಿಡು" ಎಂದರು.

ಅವರ ಬಗ್ಗೆ ಹೇಳಬೇಕು. ಊರವರಿಗೆಲ್ಲ ಅವರು 'ಮಲೇರಿಯಾ ಸಾರ್'. ನಿರ್ಮೂಲನ ಕಾರ್ಯಕ್ರಮದ ಮೊದಲ ದಿನಗಳಲ್ಲಿ ಡಿಡಿಟಿ ಹೊಡೆಯುವ ಕೂಲಿಯಾಗಿ ಸೇರಿ, ಕೈಪಂಪು ಹೊತ್ತು ತಿರುಗಿ, ಮೇಲೆ ಬಂದವರು. ನಿವೃತ್ತಿಗೆ ನಾಲ್ಕಾರು ವರ್ಷ ಉಳಿದಿತ್ತು. ಸೈಕಲ್ಲಿನ ಹ್ಯಾಂಡಲಿಗೆ ಖಾಕಿ ಚೀಲ. ಅದರಲ್ಲಿ ಗಾಜಿನ ಸ್ಲೈಡು, ಸೂಜಿ, ಹತ್ತಿ, ಸ್ಪಿರಿಟ್ಟು, ಕ್ಲೋರೋಕ್ವಿನ್ ಗುಳಿಗೆ. ಎಡಗೈಯ ಉಂಗುರದ ಬೆರಳು ಚುಚ್ಚಿ, ಒಂದೇ ಗಾಜಿನ ಮೇಲೆ ದಪ್ಪನೆಯದೊಂದು ತೆಳ್ಳನೆಯದೊಂದು ರಕ್ತದ ಲೇಪ ಎಳೆಯುವುದು ಅವರಿಗೆ ಮಾತಾಡುತ್ತಲೇ ಆಗಿಹೋಗುವ ಕೆಲಸ. ಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಬಳಿದ ಚೌಕದಲ್ಲಿ ದಿನಾಂಕ ಬರೆದು ಸಹಿ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕೆಂಬುದು ನಿಯಮ. ಮರದಡಿ ಕುಳಿತು ಇಡೀ ಬೀದಿಯ ಸಹಿ ಮುಗಿಸುವವರೂ ಇಲಾಖೆಯಲ್ಲಿದ್ದರು, ಅದನ್ನು ಮುಚ್ಚಿಡುವುದೇನು.

ಬಿಳಿ ನೋಡು ಎಂದಿದ್ದು ಯಾಕೆಂದು ಅವರು ಬಾಯಲ್ಲಿ ಹೇಳಲಿಲ್ಲ. ನನ್ನ ನಕ್ಷೆ ಎಳೆದುಕೊಂಡು, ತಮ್ಮ ಪೆನ್ಸಿಲಿನಲ್ಲಿ ಏಳೆಂಟು ಊರುಗಳ ಮೇಲೆ ಓರೆಗೆರೆ ಎಳೆದರು. ಅವು ಕಾರ್ಯಕರ್ತನ ಹುದ್ದೆ ಖಾಲಿ ಇದ್ದ ಉಪಕೇಂದ್ರದ ಊರುಗಳು. ರಕ್ತ ತೆಗೆದವರಿಲ್ಲ, ಆದ್ದರಿಂದ ಮಲೇರಿಯಾ ಇಲ್ಲ, ಆದ್ದರಿಂದ ಬಿಳಿ. ಇನ್ನು ಗಡಿಯಂಚಿನ ಕೆಲವು ಊರು: ಅಲ್ಲಿಯವರು ಜ್ವರ ಬಂದರೆ ಹತ್ತಿರವೆಂದು ಕುಪ್ಪಂಗೆ ಬಸ್ಸು ಹತ್ತುತ್ತಿದ್ದರು, ಅವರ ಜ್ವರ ಇನ್ನೊಂದು ರಾಜ್ಯದ ಪುಸ್ತಕ ಸೇರುತ್ತಿತ್ತು, ಅಥವಾ ಎಲ್ಲೂ ಸೇರುತ್ತಿರಲಿಲ್ಲ. ಸಂತೆಬೀದಿಯಲ್ಲಿ ಇಂಜೆಕ್ಷನ್ ಚುಚ್ಚುವ 'ಡಾಕ್ಟರ'ರ ಹತ್ತಿರ ಹೋದವರದ್ದಂತೂ ಲೆಕ್ಕವೇ ಇಲ್ಲ. ಅಂಥ ಊರಿಗೂ ಓರೆಗೆರೆ. ಮೇಲಿನ ಸಭೆಯಲ್ಲಿ ಈ ಗೆರೆ ಯಾರಿಗೂ ಹಿಡಿಸಲಿಲ್ಲ. "ಇದೇನ್ರೀ ಕೊಳಕಾಗಿದೆ, ಫೇರ್ ಮಾಡಿ ತನ್ನಿ" ಎಂದರು. ಫೇರ್ ಮಾಡಿದೆವು. ಗೆರೆಯ ಪ್ರತಿ ಸಹಾಯಕರ ಚೀಲದಲ್ಲೇ ಉಳಿಯಿತು. ಅವರು ಸೈಕಲ್ಲು ತಿರುಗಿಸುತ್ತಿದ್ದುದು ಅದನ್ನು ನೋಡಿಕೊಂಡು.

ರಕ್ತವೇ ಇಲ್ಲದ ಕಡೆ ಅವರು ಹಳೆಯ ವಿದ್ಯೆಯೊಂದನ್ನು ತೆಗೆಯುತ್ತಿದ್ದರು. ಶಾಲೆಗೆ ಹೋಗಿ ಚಿಕ್ಕ ಮಕ್ಕಳನ್ನು ಬೆಂಚಿನ ಮೇಲೆ ಮಲಗಿಸಿ, ಎಡಪಕ್ಕೆಯ ಕೆಳಗೆ ಬೆರಳಿಟ್ಟು, ಉಸಿರೆಳಿ ಎನ್ನುವುದು. ಮಲೇರಿಯಾ ಮತ್ತೆ ಮತ್ತೆ ಬಂದ ಮಗುವಿಗೆ ಗುಲ್ಮ ದಪ್ಪಗಾಗಿ ಬೆರಳಿಗೆ ಸಿಗುತ್ತದೆ. ಹಳಬರು ಜ್ವರಗಡ್ಡೆ ಎನ್ನುತ್ತಿದ್ದುದು ಇದನ್ನೇ. ಮಕ್ಕಳಿಗೆ ಕಚಗುಳಿ. ಒಂದು ಮಗು ನಕ್ಕರೆ ಸಾಲಿಗೆ ಸಾಲೇ ನಗುತ್ತಿತ್ತು, ಮೇಷ್ಟ್ರು ಬೆತ್ತ ತೋರಿಸಿದರೂ ನಿಲ್ಲುತ್ತಿರಲಿಲ್ಲ. ಹೊಟ್ಟೆ ಬಿಗಿಹಿಡಿದು ನಗುವ ಮಗುವಿನ ಗುಲ್ಮ ಯಾವ ಪಂಡಿತನಿಗೂ ಸಿಗುವುದಿಲ್ಲ, ಹಾಗಾಗಿ ನಗು ಇಳಿಯುವವರೆಗೆ ಸಹಾಯಕರು ಕತೆ ಹೇಳುತ್ತಿದ್ದರು. ನನ್ನ ಬೆರಳಿಗೂ ಕಲಿಸಿದರು. ಪಕ್ಕೆಲುಬಿನ ಅಂಚಿನಡಿ ಮೊದಲ ಸಲ ಆ ಗಟ್ಟಿ ಅಂಚು ತಗುಲಿದಾಗ ಸಂತೋಷವಾಯಿತು, ಕೂಡಲೇ ಹುಡುಗನ ಮುಖ ನೋಡಿ ಆ ಸಂತೋಷಕ್ಕೆ ಬೇಜಾರೂ ಆಯಿತು. ಈ ಬೆರಳಿನ ಲೆಕ್ಕದ ಮೇಲೆಯೇ ಕ್ರಿಸ್ಟೋಫರ್ಸ್ ಮತ್ತು ಸಿಂಟನ್ 1926ರಲ್ಲಿ ಇಡೀ ಹಿಂದೂಸ್ತಾನದ ಮಲೇರಿಯಾ ನಕ್ಷೆ ಬರೆದರು ಎಂದು ಆಮೇಲೆ ಓದಿದೆ. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತರೊಳಗೆ ಗುಲ್ಮ ಊದಿದ್ದರೆ ಅಲ್ಪ ಬಾಧೆಯ ಸೀಮೆ, ಐವತ್ತು ದಾಟಿದರೆ ತೀವ್ರ ಬಾಧೆಯ ಸೀಮೆ ಎಂಬ ವಿಂಗಡಣೆ ಬಹಳ ಕಾಲ ನಡೆಯಿತು. ಗುಲ್ಮಕ್ಕೊಂದು ಗುಣವಿದೆ, ಅದು ಹುದ್ದೆ ಭರ್ತಿಯಾಗಲೆಂದು ಕಾಯುವುದಿಲ್ಲ.

ನಮ್ಮ ಸೀಮೆಗೆ ಔಷಧಿ ಹೊಡೆಯುವ ದಾರಿ ಮುಚ್ಚಿತ್ತು. ಅದು ರೇಷ್ಮೆ ನಾಡು. ಮನೆಯೊಳಗೇ ಹುಳು ಸಾಕಣೆ. ಮನುಷ್ಯರು ಜಗಲಿಯಲ್ಲಿ, ಹುಳು ನಡುಮನೆಯಲ್ಲಿ. ಗೋಡೆಗೆ ಡಿಡಿಟಿಯಾಗಲಿ ಬೇರೆ ಯಾವ ಕೀಟನಾಶಕವಾಗಲಿ ಹೊಡೆದರೆ ಸೊಳ್ಳೆಗಿಂತ ಮೊದಲು ಹುಳು ಸಾಯುತ್ತದೆ. "ಮನೇಲಿ ಯಾರಿಗಾದ್ರೂ ಜ್ವರ ಇದೆಯೇನಮ್ಮಾ?" ಎಂದು ಕೇಳಿದರೆ, "ಇದೆ ಸಾರ್, ಹುಳಕ್ಕೆ, ನಾಲ್ಕನೇದು" ಎನ್ನುವ ಉತ್ತರ ಬರುತ್ತಿತ್ತು. ಪೊರೆ ಬಿಡಲು ಹುಳು ಸೊಪ್ಪು ಬಿಟ್ಟು ಮಂಕಾಗುವುದನ್ನು ಅಲ್ಲಿ ಜ್ವರವೆಂದೇ ಕರೆಯುವುದು. ಒಬ್ಬ ತಾಯಿ ನೆನಪಾಗುತ್ತಾರೆ. ಮೂಲೆಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ ಮಗಳು, ನಡುಮನೆಯಲ್ಲಿ ಚಂದ್ರಂಕಿಗೆ ಹತ್ತಲು ಸಿದ್ಧವಾದ ಹಣ್ಣುಹುಳು. ಪಂಪು ಹಿಡಿದು ಬಂದವರನ್ನು ಆಕೆ ಬಾಗಿಲಲ್ಲಿ ಅಡ್ಡ ನಿಂತು ತಡೆದರು. ಕಚೇರಿಯ ಭಾಷೆಯಲ್ಲಿ ಇದಕ್ಕೆ 'ನಿರಾಕರಣೆ' ಎನ್ನುವರು. ಅಂಥ ಮನೆಗಳ ಶೇಕಡಾವಾರನ್ನು ಜನರ ಅಜ್ಞಾನದ ಪುರಾವೆಯಾಗಿ ತೋರಿಸುವರು. ಆ ಬೆಳೆ ಕೈಗೆ ಬಂದಿದ್ದರಿಂದಲೇ ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದು. ಆಕೆಯ ಲೆಕ್ಕದಲ್ಲಿ ನನಗಂತೂ ತಪ್ಪು ಕಾಣಲಿಲ್ಲ, ಇವತ್ತಿಗೂ.

ಅಲ್ಲಿ ಅಕ್ಕಪಕ್ಕದ ಎರಡು ಊರುಗಳಿದ್ದವು. ಒಂದರ ತಲೆಯ ಮೇಲೆ ದೊಡ್ಡ ಕೆರೆ, ಬೇಕಾದಷ್ಟು ದನ, ಸಂಜೆಯಾದರೆ ಬಾಯಿ ತೆರೆಯಲು ಬಿಡದಷ್ಟು ಸೊಳ್ಳೆ. ಇನ್ನೊಂದಕ್ಕೆ ಕೆರೆಯಿಲ್ಲ; ಹಿಪ್ಪುನೇರಳೆ ತೋಟದ ತುಂಬ ಬಾವಿಗಳು, ಸೊಳ್ಳೆ ಅಷ್ಟೇನಿಲ್ಲ. ಜ್ವರ ಬರುತ್ತಿದ್ದುದು ಎರಡನೆಯದಕ್ಕೆ. ಕೆರೆಯೂರಿನವರು ಇದನ್ನು ತಮ್ಮ ಗ್ರಾಮದೇವತೆಯ ಮಹಿಮೆ ಎನ್ನುತ್ತಿದ್ದರು. ತಂಡದ ಕೀಟತಜ್ಞರು ನಸುಕಿಗೇ ಎದ್ದು ಎರಡೂ ಊರಿನ ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ಒಂದು ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ಕೊಳವೆ. ಗೋಡೆಗೆ ಕೂತ ಸೊಳ್ಳೆಯನ್ನು ಉಸಿರಲ್ಲಿ ಎಳೆದು ಗಾಜಿನ ನಳಿಕೆಗೆ ಬಿಡುವುದು. ಕೊಟ್ಟಿಗೆಯ ಕತ್ತಲಲ್ಲಿ ಅವರನ್ನು ಕಂಡು ಕಳ್ಳರೆಂದು ಕೂಗಿದ ಅಜ್ಜಿಯರಿದ್ದರು.

ಎರಡೂ ಕಡೆ ಸಿಕ್ಕಿದ್ದು ಕ್ಯುಲಿಸಿಫೇಸಿಸ್ ಎಂಬ ಒಂದೇ ಅನಾಫಿಲಿಸ್, ನೋಡಲು. ಆದರೆ ಅದು ಒಂದಲ್ಲ. ಹೊರಗೆ ಕೂದಲೆಳೆಯ ವ್ಯತ್ಯಾಸವಿಲ್ಲದ, ಒಳಗೆ ವರ್ಣತಂತುಗಳಲ್ಲಿ ಬೇರೆಯಾದ ಸೋದರಿ ಜಾತಿಗಳ ಗುಂಪು. ಎ, ಬಿ, ಸಿ, ಡಿ, ಇ ಎಂದು ಹೆಸರು. ದಿಲ್ಲಿಯ ಮಲೇರಿಯಾ ಸಂಶೋಧನಾ ಕೇಂದ್ರದಲ್ಲಿ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ವರ್ಷಗಟ್ಟಲೆ ಬಿಡಿಸಿದ ಗಂಟು ಇದು. 'ಬಿ' ದನದ ರಕ್ತ ಕುಡಿದು ಸುಮ್ಮನಿರುತ್ತದೆ, ಮಲೇರಿಯಾ ಹೊರುವುದು ಕಡಿಮೆ, 'ಎ' ಹೊರುತ್ತದೆ. ಕೋಲಾರ ಸೀಮೆಯಲ್ಲಿ ಬಾವಿಯ ಊರುಗಳಲ್ಲಿ 'ಎ', ಕೆರೆ ತೊರೆಗಳ ಊರುಗಳಲ್ಲಿ 'ಬಿ' ಹೆಚ್ಚೆಂದು ಆಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನವೇ ಇದೆ. ನಮಗೆ ಆಗ ತಿಳಿದಿದ್ದು ಇಷ್ಟು: ಊರಿಗೆ ಬಣ್ಣ ಹಚ್ಚಿ ಉಪಯೋಗವಿಲ್ಲ, ಬಾವಿ ಎಣಿಸಬೇಕು.

ಎಣಿಸಿದೆವು. ನಕ್ಷೆ ಬರೆಯುವವನು ನೆರಳಿನಿಂದ ಬಿಸಿಲಿಗೆ ಬಂದೆ. ಸೇದುವ ಬಾವಿ, ಪಂಪ್‌ಸೆಟ್ ಬಾವಿ, ಪಾಳು ಬಾವಿ, ಅಣ್ಣತಮ್ಮಂದಿರ ವ್ಯಾಜ್ಯದ ಬಾವಿ. ಪ್ರತಿಯೊಂದಕ್ಕೂ ಕೆಮ್ಮಣ್ಣಿನಲ್ಲಿ ನಂಬರು, ಪುಸ್ತಕದಲ್ಲಿ ಸರ್ವೆ ನಂಬರು, ಯಜಮಾನರ ಹೆಸರು, ಆಳ, ನೀರಿನ ಮಟ್ಟ, ಮರಿ ಇದೆಯೋ ಇಲ್ಲವೋ. ಸರ್ಕಾರದವರು ಬಾವಿಗೆ ಕಂದಾಯ ಹಾಕಲು ಬಂದಿದ್ದಾರೆಂಬ ಸುದ್ದಿ ನಮಗಿಂತ ಮೊದಲೇ ಊರು ಸೇರುತ್ತಿತ್ತು. ಒಬ್ಬರು ತಮ್ಮ ಬಾವಿಯೇ ಇಲ್ಲವೆಂದು, ಅದರ ಕಟ್ಟೆಯ ಮೇಲೆ ಕೂತುಕೊಂಡೇ ವಾದಿಸಿದರು.

ಆಮೇಲೆ ಮೀನು. ಬಾವಿಗೆ ಗಪ್ಪಿ, ಕುಂಟೆಗಳಿಗೆ ಗ್ಯಾಂಬೂಸಿಯಾ, 1928ರಲ್ಲಿ ಇಟಲಿಯಿಂದ ಈ ದೇಶಕ್ಕೆ ಬಂದದ್ದು. ಎರಡೂ ಸೊಳ್ಳೆಮರಿ ತಿನ್ನುತ್ತವೆ, ರೇಷ್ಮೆಹುಳಕ್ಕೆ ಕೇಡಿಲ್ಲ. ಪ್ಲಾಸ್ಟಿಕ್ ಬಿಂದಿಗೆಯಲ್ಲಿ ತುಂಬಿ ಸೈಕಲ್ಲಿಗೆ ಕಟ್ಟಿ ಸಾಗಿಸುತ್ತಿದ್ದೆವು. ಕುಡಿಯುವ ನೀರಿಗೆ ಮೀನು ಬಿಟ್ಟರೆ ಮಡಿ ಕೆಡುತ್ತದೆ ಎಂದು ಒಂದು ಮನೆ, ವಾಸನೆ ಬರುತ್ತದೆ ಎಂದು ಇನ್ನೊಂದು. ಪಂಚಾಯಿತಿಯವರು ಬ್ಲೀಚಿಂಗ್ ಪೌಡರ್ ಸುರಿದ ಮರುದಿನ ಮೀನೆಲ್ಲ ತೇಲುತ್ತಿದ್ದವು, ನಾವು ಮತ್ತೆ ಬಿಂದಿಗೆ ತುಂಬುತ್ತಿದ್ದೆವು. ಹೀಗೆ ಹಟ ಹಿಡಿದು ಮಾಡಿದ ಊರುಗಳಲ್ಲಿ ಜ್ವರ ಇಳಿಯಿತು. ನಕ್ಷೆಯ ಕೆಂಪು ಹಳದಿಯಾಗಿ, ಹಳದಿ ಬಿಳಿಯಾಯಿತು. ಆ ಬಿಳಿ ಓರೆಗೆರೆಯಿಲ್ಲದ ಬಿಳಿ, ನಾವೇ ಮನೆ ಮನೆ ತಿರುಗಿ ರಕ್ತ ತೆಗೆದು ನೋಡಿದ್ದು. ಹಿರಿಯ ಸಹಾಯಕರು ನಿವೃತ್ತರಾದ ದಿನ ನನ್ನ ಕೈಗೆ ಬಾವಿಯ ಪುಸ್ತಕದ ಒಂದು ಪ್ರತಿ ಕೊಟ್ಟು, "ಇಟ್ಕೊ, ಕಚೇರೀಲಿದ್ರೆ ರದ್ದಿಗೆ ಹೋಗ್ತದೆ" ಎಂದರು. ಕಚೇರಿಯ ಪ್ರತಿ ರದ್ದಿಗೇ ಹೋಯಿತು.

ಆ ದಿನಗಳ ಬಗ್ಗೆ ನಾನು ವರ್ಷಗಟ್ಟಲೆ ಜಂಬದಿಂದ ಮಾತಾಡುತ್ತಿದ್ದೆ. ಈಗ ಆ ಜಂಬ ಅಷ್ಟಿಲ್ಲ. ಸೊಳ್ಳೆ ತಿನ್ನುವ ಮೀನುಗಳ ಮೇಲೆ ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಸೋಸಿ ನೋಡಿದ ಕಾಕ್ರೇನ್ ಸಮೀಕ್ಷೆ 2013ರಲ್ಲಿ ಬಂತು. ಮೀನಿನಿಂದ ಮಲೇರಿಯಾ ತಗ್ಗುತ್ತದೆ ಎನ್ನಲು ಸಾಕಷ್ಟು ಭರವಸೆಯ ಪುರಾವೆಯಿಲ್ಲ ಎಂದಿತು ಅದು. ಗ್ಯಾಂಬೂಸಿಯಾ ನಮ್ಮ ಕುಂಟೆಗಳ ಕಪ್ಪೆಮರಿಯನ್ನೂ ನಾಡಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲವೆಂದು ಜೀವವಿಜ್ಞಾನಿಗಳು ಈಗ ಅದನ್ನು ಉಪದ್ರವದ ಪಟ್ಟಿಗೆ ಸೇರಿಸಿದ್ದಾರೆ. ಎಲ್ಲಕ್ಕಿಂತ ದೊಡ್ಡದು ಬೇರೆ. ನಾವು ಮೀನು ಬಿಡುತ್ತಿದ್ದ ವರ್ಷಗಳಲ್ಲೇ ಊರೂರಿಗೆ ಬೋರ್‌ವೆಲ್ ಲಾರಿಗಳು ಬರತೊಡಗಿದ್ದವು. ಮುನ್ನೂರು ಅಡಿ, ಆರುನೂರು, ಸಾವಿರ, ಅದಕ್ಕೂ ಕೆಳಗೆ. ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. 'ಎ' ಸೊಳ್ಳೆಗೆ ಮೊಟ್ಟೆಯಿಡಲು ನೀರೇ ಉಳಿಯಲಿಲ್ಲ. ನಮ್ಮ ಸೀಮೆ ಬೆಳ್ಳಗೇ ಉಳಿದದ್ದರಲ್ಲಿ ಗಪ್ಪಿಯ ಪಾಲೆಷ್ಟು, ಬರಗಾಲದ ಪಾಲೆಷ್ಟು? ಮೊದಲ ಇಳಿತ ಮೀನಿನದೇ ಎಂದು ನಾನು ಈಗಲೂ ನಂಬುತ್ತೇನೆ, ಬಾವಿಗಳು ತುಂಬಿದ್ದಾಗಲೇ ಜ್ವರ ಇಳಿದದ್ದನ್ನು ಕಂಡವನು ನಾನು. ಆಮೇಲಿನ ಇಪ್ಪತ್ತು ವರ್ಷದ ಬಿಳಿಗೆ ಮಾತ್ರ ಕೋಲಾರದ ರೈತ ತೆತ್ತ ಬೆಲೆ ಯಾವ ಆರೋಗ್ಯ ವರದಿಯಲ್ಲೂ ಬರುವುದಿಲ್ಲ.

ತಮ್ಮನ ಮಗಳು ಬೆಂಗಳೂರಿನಲ್ಲಿ ಉಪಗ್ರಹದ ಮಾಹಿತಿಯಿಟ್ಟುಕೊಂಡು ಇಂಥದೇ ಕೆಲಸ ಮಾಡುತ್ತಾಳೆ. ಬಾವಿಯ ವಿಷಯ ಹೇಳಿದಾಗ ಲ್ಯಾಪ್‌ಟಾಪ್ ತೆರೆದು ಮಲೇರಿಯಾ ಅಟ್ಲಾಸ್ ಪ್ರಾಜೆಕ್ಟಿನ ನಕ್ಷೆ ತೋರಿಸಿದಳು. 2005ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಶುರುವಾದ ಕೆಲಸ. ಮಳೆ, ಉಷ್ಣಾಂಶ, ಹಸಿರು, ಊರಿನಿಂದ ಆಸ್ಪತ್ರೆಗಿರುವ ದೂರ, ರಕ್ತ ಸಮೀಕ್ಷೆ ಎಲ್ಲವನ್ನೂ ಗಣಿತಕ್ಕೆ ಹಾಕಿ ಜಗತ್ತನ್ನು ಐದು ಕಿಲೋಮೀಟರ್ ಚೌಕಗಳಾಗಿ ಬಣ್ಣ ಮಾಡಿದ್ದಾರೆ. ನನಗೆ ಹೊಟ್ಟೆಕಿಚ್ಚಾಗುವಷ್ಟು ಅಂದವಾಗಿದೆ. ನನ್ನ ಕೆರೆಯೂರು, ಬಾವಿಯೂರು ಎರಡೂ ಒಂದೇ ಚೌಕದೊಳಗೆ ಬಿದ್ದಿದ್ದವು.

"ಯಾರೂ ಹೋಗಿ ನೋಡದ ಜಾಗಕ್ಕೆ ಏನ್ ಬಣ್ಣ?" ಎಂದು ಕೇಳಿದೆ.

"ಅದಕ್ಕೆ ಬೇರೆ ನಕ್ಷೇನೇ ಇದೆ ದೊಡ್ಡಪ್ಪಾ. ಅಂದಾಜು ಎಷ್ಟು ಸಡಿಲ ಅಂತ ತೋರಿಸೋದು."

"ಮೀಟಿಂಗಲ್ಲಿ ಅದನ್ನ ತೋರಿಸ್ತಾರಾ?"

ಅವಳು ನಕ್ಕಳು. "ಅದನ್ನ ಹಾಕಿದ್ರೆ ಸ್ಲೈಡು ಗಲೀಜಾಗತ್ತೆ ಅಂತಾರೆ."

ಒಳ್ಳೆಯ ಕೆಲಸವೂ ನಡೆದಿದೆ, ಇಲ್ಲವೆನ್ನಲಾರೆ. ಮಂಗಳೂರಿನಲ್ಲಿ ಸೊಳ್ಳೆ ಬೇರೆ, ನೀರು ಬೇರೆ. ಅಲ್ಲಿ ಕಟ್ಟಡ ಕೆಲಸದ ತೊಟ್ಟಿ, ತಾರಸಿ ಟ್ಯಾಂಕು, ಸ್ಟೀಫೆನ್ಸಿ ಸೊಳ್ಳೆ. 2015ರಿಂದ ಅಲ್ಲಿ ಒಬ್ಬೊಬ್ಬ ರೋಗಿಯನ್ನೂ ಟ್ಯಾಬ್‌ನಲ್ಲಿ ಗುರುತಿಸಿ ಮನೆ ಬಾಗಿಲಿಗೆ ಹೋಗುವ ವ್ಯವಸ್ಥೆ ಮಾಡಿದರು. 2030ಕ್ಕೆ ದೇಶವನ್ನು ಮಲೇರಿಯಾಮುಕ್ತ ಮಾಡುವ ಗುರಿಯಿದೆ. ಜಿಲ್ಲೆಗಳನ್ನು ವಿಂಗಡಿಸುವ ಗೆರೆ ಎರಡರಿಂದ ಒಂದಕ್ಕೆ ಇಳಿದಿದೆ. ಕಾಯಿಲೆ ಕಡಿಮೆಯಾದಷ್ಟೂ ಈ ನಕ್ಷೆ ಬರೆಯುವುದು ಕಷ್ಟ: ಒಂದು ಕೇಸು ಆಚೀಚೆಯಾದರೂ ಬಣ್ಣ ಬದಲಾಗುತ್ತದೆ, ರಕ್ತ ತೆಗೆಯುವವರ ಉತ್ಸಾಹವೂ ಇಳಿದಿರುತ್ತದೆ.

ಕೋಲಾರದಲ್ಲಿ ನೀರು ಮರಳಿರುವಾಗ, ಮಳೆಯ ಅಂಕಿಯನ್ನಷ್ಟೇ ನಂಬುವ ಗಣಿತಕ್ಕೆ ಬೆಂಗಳೂರಿನ ಬಚ್ಚಲ ನೀರು ಪೈಪಿನಲ್ಲಿ ಬಂದು ಬಾವಿ ತುಂಬಿಸಿದ್ದು ಹೇಗೆ ಗೊತ್ತಾಗಬೇಕು? ಕೆರೆ ತುಂಬಿದ್ದು ಉಪಗ್ರಹಕ್ಕೆ ಕಾಣುತ್ತದೆ ಎಂದಳು ಹುಡುಗಿ, ಬಾವಿ ಕಾಣುವುದಿಲ್ಲ. ನೀರು ಬಂದ ಕೂಡಲೇ ಮಲೇರಿಯಾ ಬರುತ್ತದೆಂದು ನಾನು ಹೇಳುತ್ತಿಲ್ಲ. ಸೊಳ್ಳೆಯ ಜೊತೆಗೆ ರೋಗಾಣು ಹೊತ್ತ ಮನುಷ್ಯನೂ ಬೇಕು. ಆದರೆ ಈಗ ನರಸಾಪುರದ ಕಾರ್ಖಾನೆಗಳಿಗೆ, ಕಟ್ಟಡ ಕೆಲಸಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಯಾರಾದರೂ ನಸುಕಿಗೆ ಎದ್ದು ಕೊಟ್ಟಿಗೆಗೆ ಹೋಗಿ ಸೊಳ್ಳೆ ಹಿಡಿದು, ಬಂದಿರುವುದು ಎ ಸೊಳ್ಳೆಯೋ ಬಿ ಸೊಳ್ಳೆಯೋ ನೋಡಬೇಕು. ನಮ್ಮ ಪೂರ್ವದ ಊರುಗಳಲ್ಲೂ ಬಾವಿಗಳನ್ನು ಇನ್ನೊಮ್ಮೆ ಸುತ್ತಬೇಕು.

ನನ್ನಿಂದ ಮೆಟ್ಟಿಲು ಇಳಿಯಲಾಗದು. ಪುಸ್ತಕ ಹುಡುಗಿಗೆ ಕೊಟ್ಟಿದ್ದೇನೆ. ಫೋನಿನಲ್ಲಿ ಪುಟಪುಟವೂ ಫೋಟೋ ಹೊಡೆದುಕೊಂಡಳು. ಯಜಮಾನರ ಹೆಸರಿನ ಕಾಲಂ ಈಗ ಪ್ರಯೋಜನಕ್ಕಿಲ್ಲ, ಅರ್ಧಕ್ಕರ್ಧ ಮಂದಿ ಹೋಗಿಬಿಟ್ಟಿದ್ದಾರೆ, ಕೆಲವರ ಜಮೀನು ಲೇಔಟ್ ಆಗಿದೆ. ಸರ್ವೆ ನಂಬರು ಹಿಡಿದು ಹೋಗು, ಪೋಡಿಯಾಗಿ ಬೈನಂಬರು ಬಿದ್ದಿದ್ದರೆ ನಾಡಕಚೇರಿಯಲ್ಲಿ ಕೇಳು, ಬಾವಿ ಸಿಗುತ್ತದೆ ಎಂದಿದ್ದೇನೆ.